ಕೇಳಿದ ಹಾಡು, ಕೇಳದ ಮಾತು

ಸಂಗೀತ ಕೇಳಿಕೊಂಡು ಮನೆಗೆ ಬಂದವನನ್ನು "ಹೇಗಿತ್ತು?" ಎಂದು ವಿಚಾರಿಸಿದರೆ ಅವನು ಸಾಮಾನ್ಯವಾಗಿ "ಚೆನ್ನಾಗಿತ್ತು" ಎನ್ನುತ್ತಾನೆ. ಸ್ವಲ್ಪ ರಸಿಕನಾಗಿದ್ದರೆ, ರಾಗ ಇಂಥ ಕಡೆ ಮೇಲೇರಿತು, ತಬಲದವನು ಒಂದೆರಡು ಕಡೆ ಅವಸರಪಟ್ಟ ಎಂದು ಇನ್ನೆರಡು ಮಾತು ಸೇರಿಸುತ್ತಾನೆ. ಅಲ್ಲಿಗೆ ವ್ಯವಹಾರ ಮುಗಿಯಿತು. ಹಾಡಿದವರಿಗೆ ಎಲೆಯಡಿಕೆ, ಕೇಳಿದವರಿಗೆ ಸಂತೋಷ. ಯಾರೂ ಯಾರಿಗೂ ಸಾಲಗಾರರಲ್ಲ. ನಾನೂ ಬಹುಕಾಲ ಹೀಗೆಯೇ ನಂಬಿಕೊಂಡಿದ್ದೆ. ಕಳೆದ ಮಾಘಮಾಸದ ಒಂದು ಭಾನುವಾರ ಬಿ.ಜಿ. ಕೆರೆಯಲ್ಲಿ ಹಾಡು ಕೇಳುತ್ತ ಕಳೆದ ಮಧ್ಯಾಹ್ನವೊಂದು ಈ ನಂಬಿಕೆಯನ್ನು ಅಲುಗಿಸಿಬಿಟ್ಟಿತು. ಆ ಹಾಡುಗಳು ನನಗೆ ಹೊಸವಾಗಿರಲಿಲ್ಲ. ಅವುಗಳ ಅರ್ಥವನ್ನು ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಹೇಳಿ ಸಂಬಳ ತೆಗೆದುಕೊಳ್ಳುತ್ತಿರುವವನು ನಾನು.

ಬಿ.ಜಿ. ಕೆರೆ ಮೊಳಕಾಲ್ಮೂರು ತಾಲ್ಲೂಕಿನ ಊರು. ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ತಳುಕನ್ನು ದಾಟಿ ಮುಂದೆ ಹೋದರೆ ಸಿಕ್ಕುತ್ತದೆ. ತಳುಕು ಬಂದೊಡನೆ ಕನ್ನಡದ ಮೇಷ್ಟರಾದವನ ಕೈ ತಾನಾಗಿ ಮುಗಿಯುತ್ತದೆ, ಟಿ.ಎಸ್. ವೆಂಕಣ್ಣಯ್ಯನವರೂ ತ.ರಾ.ಸು. ಅವರೂ ತಮ್ಮ ಹೆಸರಿನ ಮೊದಲ ಅಕ್ಷರದಲ್ಲಿ ಹೊತ್ತುಕೊಂಡಿದ್ದ ಊರು ಅದು. ಅಲ್ಲಿಂದಾಚೆಗೆ ಬರಿಯ ಬಯಲು. ಶೇಂಗಾ ಹೊಲ, ಬಂಡೆಗುಡ್ಡ, ಜಾಲಿಯ ಮರ. ಮಳೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ಕನ್ನಡದ ಜೊತೆಗೆ ತೆಲುಗೂ ಕಿವಿಗೆ ಬೀಳುವ ಗಡಿಸೀಮೆ. ನನ್ನ ಅಕ್ಕನನ್ನು ಕೊಟ್ಟಿರುವುದು ಈ ಊರಿಗೆ.

ನಾನು ಅಲ್ಲಿಗೆ ಹೋದದ್ದು ಹಾಡು ಕೇಳುವುದಕ್ಕಲ್ಲ. ಅಕ್ಕನ ಹಿರಿಯ ಮಗಳು ಗಂಡನ ಮನೆಯಿಂದ ಬಂದು ನಾಲ್ಕು ತಿಂಗಳಾಗಿತ್ತು. ಹಿಂದಕ್ಕೆ ಹೋಗುವ ಮಾತೇ ಇರಲಿಲ್ಲ. "ನೀನು ಓದಿದೋನು, ನಾಲ್ಕು ಜನಕ್ಕೆ ಹೇಳೋನು. ನಿನ್ನ ಮಾತಾದ್ರೆ ಕೇಳ್ತಾಳೆ. ಬಂದು ಒಂದು ಮಾತು ಹೇಳಿ ಹೋಗು" ಎಂದು ಭಾವ ಫೋನು ಮಾಡಿದ್ದರು. ಮೇಷ್ಟರು ಬರುತ್ತಾರೆಂದು ತಿಳಿದ ಊರಿನ ಹಿರಿಯರು, ಭಾನುವಾರ ಗುಡಿಯ ಮುಂದೆ ತತ್ವಪದ, ವಚನ ಹಾಡಿಸುತ್ತಿದ್ದೇವೆ, ಮೊದಲಿಗೆ ಹತ್ತು ನಿಮಿಷ ತಾವು ಅಕ್ಕಮಹಾದೇವಿಯ ವಿಷಯ ಮಾತನಾಡಬೇಕು ಎಂದರು. ಒಂದೇ ಬಸ್ಸಿನ ಖರ್ಚಿನಲ್ಲಿ ಎರಡು ಉಪದೇಶ, ಒಪ್ಪಿಕೊಂಡೆ.

ಶನಿವಾರ ರಾತ್ರಿ ಊಟವಾದ ಮೇಲೆ ಮೊದಲನೆಯ ಉಪದೇಶ ನಡೆಯಿತು. ಪೂರ್ತಿ ಒಂದು ಗಂಟೆ ಮಾತನಾಡಿದೆ. ಆಡಿದ ಮಾತುಗಳಲ್ಲಿ ತಪ್ಪೆನ್ನಬಹುದಾದದ್ದು ಒಂದೂ ಇರಲಿಲ್ಲವೆಂದು ಈಗಲೂ ಹೇಳಬಲ್ಲೆ. ಸಂಸಾರವೆಂದ ಮೇಲೆ ಏರುಪೇರು ಇದ್ದದ್ದೇ. ಒಬ್ಬರು ಸೋತರೆ ಇಬ್ಬರೂ ಗೆದ್ದಂತೆ. ತಂದೆಗೆ ವಯಸ್ಸಾಯಿತು, ತಂಗಿಯ ಮದುವೆ ಮುಂದಿದೆ. ಇಷ್ಟು ಸಾಲದೆಂದು ಅದೇ ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯನ್ನೂ ಸಾಕ್ಷಿಗೆ ಕರೆದೆ. ತಾಯಿತಂದೆಯರ ಮಾತು ಕೇಳಬೇಕೆಂದು ಅಶೋಕ ಚಕ್ರವರ್ತಿ ಇಪ್ಪತ್ತೆರಡು ಶತಮಾನಗಳಿಗೂ ಹಿಂದೆ ನಿಮ್ಮ ಸೀಮೆಯ ಕಲ್ಲಿನ ಮೇಲೆಯೇ ಬರೆಸಿದ್ದಾನಮ್ಮ ಎಂದೆ. ಹುಡುಗಿ ತಲೆ ಬಗ್ಗಿಸಿಕೊಂಡು ಎಲ್ಲವನ್ನೂ ಕೇಳಿ, ಕೊನೆಗೆ "ಆಯ್ತು ಮಾವ" ಎಂದಳು. ಭಾವ ನಿಟ್ಟುಸಿರುಬಿಟ್ಟರು. ಅಕ್ಕ ಮಾತಿಲ್ಲದೆ ಹಾಲು ತಂದಿಟ್ಟಳು. ನಾನು ಮಲಗಿ ಚೆನ್ನಾಗಿಯೇ ನಿದ್ದೆ ಮಾಡಿದೆ.

ಮಾರನೆಯ ದಿನ ಎರಡು ಗಂಟೆಯ ಹೊತ್ತಿಗೆ ಗುಡಿಯ ಮುಂದಿನ ಹಜಾರದಲ್ಲಿ ಜಮಖಾನ ಹಾಸಿದ್ದರು. ನೂರು, ನೂರಿಪ್ಪತ್ತು ಜನ ಸೇರಿದ್ದರು. ಗಂಡಸರು ಈ ಕಡೆ, ಹೆಂಗಸರು ಆ ಕಡೆ. ಮೊದಲು ಸುತ್ತಲ ಹಳ್ಳಿಗಳ ತತ್ವಪದಕಾರರು ಕುಳಿತರು. ಏಕತಾರಿ, ದಮ್ಮಡಿ, ತಾಳ. ಐವರೂ ಅರವತ್ತು ದಾಟಿದವರು, ಬಿಸಿಲಲ್ಲಿ ಬೆಂದ ಮುಖ, ದಪ್ಪ ಮೀಸೆ. ಆ ಐವರೂ ಒಂದೇ ಉಸಿರಿನಲ್ಲಿ ಮದುವಣಗಿತ್ತಿಯರಾಗಿ, ಬಾರದ ಗಂಡನಿಗಾಗಿ ಹಂಬಲಿಸಿ, ಕಂಡ ಕನಸನ್ನು ಗೆಳತಿಯೊಡನೆ ಹೇಳಿಕೊಂಡು ಹಾಡಿದರು. ಯಾರಿಗೂ ಇದು ವಿಚಿತ್ರವೆನಿಸಲಿಲ್ಲ. ಶಿಶುನಾಳ ಷರೀಫರು ಬಾಳಿ ಹೋದ ನಾಡು ಇದು. 1819ರಿಂದ 1889ರವರೆಗೆ ಬದುಕಿದ ಆ ಮುಸಲ್ಮಾನ ಸಂತ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವಿಗೆ ಶಿಷ್ಯನಾದದ್ದನ್ನೇ ಸಹಜವೆಂದುಕೊಂಡ ಜನಕ್ಕೆ ಮೀಸೆಯ ಮದುವಣಗಿತ್ತಿ ದೊಡ್ಡ ಸೋಜಿಗವಲ್ಲ.

ಅನಂತರ ನನ್ನ ಹತ್ತು ನಿಮಿಷ. ಅದು ಇಪ್ಪತ್ತಾಯಿತು. ಶರಣಸತಿ ಲಿಂಗಪತಿ ಭಾವವನ್ನು ವಿವರಿಸಿದೆ. ಜೀವವೆಲ್ಲ ಹೆಣ್ಣು, ದೇವನೊಬ್ಬನೇ ಗಂಡು ಎಂದೆ. 12ನೆಯ ಶತಮಾನದಲ್ಲಿ ಒಬ್ಬ ಹೆಣ್ಣುಮಗಳು ಅರಸನ ಅರಮನೆಯನ್ನು ಹುಲ್ಲಿಗೆ ಸಮನೆಂದು ಬಿಟ್ಟು, ಉಟ್ಟ ಬಟ್ಟೆಯನ್ನೂ ತೊರೆದು, ಚೆನ್ನಮಲ್ಲಿಕಾರ್ಜುನನನ್ನು ಅರಸಿ ನಡೆದದ್ದನ್ನು ವರ್ಣಿಸಿದೆ. ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಕುಳಿತಿದ್ದ ವೃದ್ಧ ನೇಕಾರರೊಬ್ಬರು ನನ್ನ ಕಡೆ ಬಾಗಿ, "ಮೇಷ್ಟ್ರೆ, ಸೀರೆ ನೇಯೋ ಸೀಮೇಲಿ ಸೀರೆ ಬಿಟ್ಟೋಳ ಕತೆ ಹೇಳಿದ್ರಿ!" ಎಂದು ನಕ್ಕರು. ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಬಲ್ಲವರಿಗೆ ಆ ನಗೆಯ ಸೊಗಸು ತಿಳಿದೀತು. ನಾನೂ ನಕ್ಕೆ.

ಬಳಿಕ ವಚನಗಾಯನ. ಗದಗಿನ ಪರಂಪರೆಯಲ್ಲಿ ಕಲಿತ ಗಾಯಕರು. ಹಾರ್ಮೋನಿಯಂ ಅವರದೇ, ತಬಲಕ್ಕೆ ಒಬ್ಬ ತರುಣ. ವಚನ ಹೀಗೆ ಕಚೇರಿಗೆ ಬಂದದ್ದು ಬಹಳ ಹಿಂದಿನ ಮಾತಲ್ಲ. ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ ತೆಗೆದು 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚುಹಾಕಿಸಿದ್ದು 1923ರಲ್ಲಿ. ಗದಗಿನ ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಶಿಷ್ಯಪರಂಪರೆ, ಧಾರವಾಡದ ಮಲ್ಲಿಕಾರ್ಜುನ ಮನಸೂರರಂಥ ಮಹಾಗಾಯಕರು, ಇವರ ಕಂಠದಿಂದ ವಚನಗಳು ಹಿಂದುಸ್ತಾನಿ ರಾಗಗಳನ್ನು ತೊಟ್ಟುಕೊಂಡು ಮನೆಮನೆಗೆ ಬಂದವು. ಈಗ ವಚನವೆಂದರೆ ಹಾಡೆಂದೇ ಎಷ್ಟೋ ಜನ ತಿಳಿದಿದ್ದಾರೆ. ಆದರೆ ಅದಕ್ಕೆ ಪಲ್ಲವಿಯಿಲ್ಲ, ಅನುಪಲ್ಲವಿಯಿಲ್ಲ. ವಚನವೆಂದರೆ ಮಾತು. ಯಾರೋ ಯಾರಿಗೋ ಆಡಿದ ಮಾತು. ಮಹಾದೇವಿಯಕ್ಕನ ಎಷ್ಟೋ ವಚನಗಳು ಒಬ್ಬ ಅಕ್ಕನನ್ನೋ ಅವ್ವನನ್ನೋ ಹತ್ತಿರ ಕರೆದು, ಕೇಳು ಎಂದೇ ಮೊದಲಾಗುತ್ತವೆ. ಅದನ್ನು ಮರೆಸುವಷ್ಟು ಇಂಪಾಗಿ ಅವರು ಹಾಡಿದರು. ಭೀಮಪಲಾಸಿ ಮಧ್ಯಾಹ್ನದ ರಾಗ; ಹೊರಗೆ ಬಿಸಿಲು, ಒಳಗೆ ಆ ವಿರಹ. ಮಾತು ಸ್ವರದಲ್ಲಿ ಕರಗಿತು, ಸ್ವರದಲ್ಲಿ ನಾವು ಕರಗಿದೆವು. ಮುಂದಿನ ಸಾಲಿನಲ್ಲಿದ್ದವರೊಬ್ಬರು ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ಒಣಗಿರಲಿಲ್ಲ.

ಕಾವ್ಯಮೀಮಾಂಸೆ ಪಾಠ ಹೇಳುವವನಿಗೆ ಇಂಥ ಹೊತ್ತಿನಲ್ಲಿ ಅಭಿನವಗುಪ್ತ ನೆನಪಾಗದೆ ಇರುವುದಿಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿದ್ದ ಆ ಮಹಾಮತಿ, ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆಯುವಾಗ ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಎಣಿಸುತ್ತಾನೆ. ಅವುಗಳಲ್ಲಿ ಒಂದು, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು. ಮನೆಯ ಸಾಲವನ್ನೋ ಮಗನ ಜ್ವರವನ್ನೋ ತಲೆಯಲ್ಲಿ ತುಂಬಿಕೊಂಡು ಬಂದವನಿಗೆ ಶಕುಂತಲೆಯ ದುಃಖ ತಟ್ಟುವುದು ಹೇಗೆ? ಇದಕ್ಕೆ ಅವನು ಸೂಚಿಸುವ ಔಷಧಗಳಲ್ಲಿ ವಾದ್ಯವೂ ಗಾನವೂ ಸೇರಿವೆ. ನಮ್ಮನ್ನು ನಮ್ಮ ಗೊಡವೆಗಳಿಂದ ಬಿಡಿಸಿ ರಸಕ್ಕೆ ಒಪ್ಪಿಸುವುದು ಸಂಗೀತದ ಕೆಲಸ. ಆ ಮಧ್ಯಾಹ್ನ ಔಷಧ ಚೆನ್ನಾಗಿಯೇ ಕೆಲಸ ಮಾಡಿತು. ಹಿಂದಿನ ರಾತ್ರಿಯ ಮಾತುಕತೆ ನನ್ನ ಮನಸ್ಸಿನಿಂದ ಪೂರ್ತಿ ಅಳಿಸಿಹೋಗಿತ್ತು.

ಐದು ಗಂಟೆಗೆ ಮಂಗಳವಾಯಿತು. ಸಂಜೆಯ ಬಸ್ಸು ಹಿಡಿಯಬೇಕೆಂದು ನಾನು ಬೇಗಬೇಗ ಮನೆಯ ಕಡೆ ಹೆಜ್ಜೆಹಾಕಿದೆ. ಅಕ್ಕ ಹಿಂದೆ ಯಾರೊಡನೆಯೋ ಮಾತನಾಡುತ್ತ ಉಳಿದಳು. ಹುಡುಗಿ ನನ್ನ ಜೊತೆ ಬಂದಳು. ಸ್ವಲ್ಪ ದೂರ ಇಬ್ಬರೂ ಸುಮ್ಮನೆ ನಡೆದೆವು. ಆಮೇಲೆ ಅವಳು ಕೇಳಿದಳು:

"ಅಕ್ಕಮಹಾದೇವಿಗೆ ಸೋದರಮಾವ ಇರ್ಲಿಲ್ವಾ ಮಾವ?"

ನನ್ನೊಳಗಿನ ಮೇಷ್ಟರು ಕೂಡಲೇ ಎಚ್ಚತ್ತು, "ಹರಿಹರ ತಾಯಿತಂದೆಯರ ವಿಷಯ ಹೇಳ್ತಾನಮ್ಮ. ಸೋದರಮಾವನ ವಿಷಯ ನನಗೆ ನೆನಪಿಲ್ಲ" ಎಂದರು.

"ಇದ್ದಿದ್ರೆ ಬುದ್ಧಿ ಹೇಳಿ ವಾಪಸ್ ಕಳಿಸ್ತಿದ್ದ, ಅಲ್ವಾ?"

ಅವಳ ದನಿಯಲ್ಲಿ ಕೋಪವಿರಲಿಲ್ಲ, ವ್ಯಂಗ್ಯವೂ ಇದ್ದಂತೆ ಕಾಣಲಿಲ್ಲ. ಅಷ್ಟರಲ್ಲಿ ಮನೆ ಬಂತು. ಅವಳು ಒಳಗೆ ಹೋದಳು. ನಾನು ಜಗುಲಿಯ ಮೇಲೆ ಕುಳಿತೆ.

ಅಲ್ಲಿ ಕುಳಿತು ಯೋಚಿಸಿದ್ದನ್ನು ಓದುಗರ ಮುಂದಿಡುತ್ತೇನೆ. ಮಹಾದೇವಿಯಕ್ಕನಿಗೆ ಮದುವೆಯಾಗಿತ್ತೆ ಇಲ್ಲವೆ ಎಂಬ ಬಗ್ಗೆ ನಮ್ಮ ವಿದ್ವಾಂಸರು ಬಹಳ ಶಾಯಿ ಖರ್ಚು ಮಾಡಿದ್ದಾರೆ. ಅವಳ ಕಾಲಕ್ಕೆ ಹತ್ತಿರದವನಾದ ಹರಿಹರ ತನ್ನ ರಗಳೆಯಲ್ಲಿ, ಆಕೆ ತಾಯಿತಂದೆಯರಿಗೆ ಕೇಡಾಗಬಾರದೆಂದು ಕರಾರು ಹಾಕಿ ಕೌಶಿಕನನ್ನು ಮದುವೆಯಾದಳು, ಅವನು ಕರಾರು ಮುರಿದಾಗ ಬಿಟ್ಟುನಡೆದಳು ಎನ್ನುತ್ತಾನೆ. 15ನೆಯ ಶತಮಾನದ ಚಾಮರಸನ 'ಪ್ರಭುಲಿಂಗಲೀಲೆ'ಗೆ ಬರುವ ಹೊತ್ತಿಗೆ ಆ ಮದುವೆ ಮಾಯವಾಗಿ ಆಕೆ ಕನ್ಯೆಯಾಗಿಯೇ ಉಳಿಯುತ್ತಾಳೆ. ಯಾವುದು ನಿಜವೆಂಬುದನ್ನು ಪಂಡಿತರಿಗೆ ಬಿಡೋಣ. ಆದರೆ ನಾನು ತರಗತಿಯಲ್ಲಿ ಎಷ್ಟೋ ವರ್ಷ ಎರಡನೆಯ ಕಥೆಯ ಕಡೆಗೇ ಒಲಿದು ಪಾಠ ಹೇಳಿದವನು. ಯಾಕೆಂದು ಆ ಜಗುಲಿಯ ಮೇಲೆ ಹೊಳೆಯಿತು. ಮದುವೆಯಾಗದೆ ದೇವರನ್ನು ವರಿಸಿದ ಕನ್ಯೆಯನ್ನು ಪೂಜಿಸುವುದು ಸುಲಭ. ಕಟ್ಟಿಕೊಂಡ ಗಂಡನನ್ನು ಬಿಟ್ಟುಬಂದ ಹೆಂಡತಿಯನ್ನು ಪೂಜಿಸಬೇಕಾದರೆ ನಮ್ಮ ಮನೆಗಳಲ್ಲಿ ಕೆಲವು ಪ್ರಶ್ನೆಗಳು ಏಳುತ್ತವೆ.

ಇನ್ನೊಂದು ಮಾತು. ತತ್ವಪದಕಾರರು ತಮ್ಮನ್ನು ಮದುವಣಗಿತ್ತಿ ಎಂದುಕೊಂಡು ಹಾಡಿದರು. ಬಸವಣ್ಣನವರಿಂದ ಹಿಡಿದು ಎಷ್ಟೋ ಶರಣರು, ದಾಸರು, ಅನುಭಾವಿಗಳು ಹೀಗೆ ಹೆಣ್ಣಾಗಿ ಹಾಡಿದ್ದಾರೆ. ಗಂಡಸಾದವನು ಅಹಂಕಾರ ಬಿಟ್ಟು ಹಾಗೆ ಹಾಡುವುದು ಹಿರಿದಾದ ಸಾಧನೆಯೇ ಹೌದು. ಆದರೆ ಹಾಡು ಮುಗಿದ ಮೇಲೆ ಅವನು ಮನೆಗೆ ಹೋಗುತ್ತಾನೆ. ಹೆಂಡತಿ ಊಟಕ್ಕೆ ಬಡಿಸುತ್ತಾಳೆ. ದೇವರೇ ನನ್ನ ಗಂಡ ಎಂಬ ಅದೇ ಮಾತನ್ನು ಒಬ್ಬ ಹೆಣ್ಣು ಆಡಿದರೆ, ಮನೆಯಲ್ಲಿರುವ ಇನ್ನೊಬ್ಬ ಗಂಡ ಗಂಡನಲ್ಲ ಎಂದಂತಾಯಿತು. ಅವನಿಗೆ ರೂಪಕವಾದದ್ದು ಅವಳಿಗೆ ಮನೆ ಕಳೆದುಕೊಳ್ಳುವ ಮಾತು. ಪದ ಒಂದೇ, ತೆತ್ತ ಬೆಲೆ ಬೇರೆ. ಮೀರೆಯ ಕಥೆಯೂ ಇದೇ ಅಲ್ಲವೆ? ಎಂ.ಎಸ್. ಸುಬ್ಬುಲಕ್ಷ್ಮಿಯವರು ಮೀರೆಯಾಗಿ ಹಾಡಿದ ಚಿತ್ರ 1945ರಲ್ಲಿ ತಮಿಳಿನಲ್ಲಿ, 1947ರಲ್ಲಿ ಹಿಂದಿಯಲ್ಲಿ ಬಂದಾಗ ಕರಗದ ಮನಸ್ಸಿರಲಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಾಗೆ ಕರಗಿದ ಮನೆಗಳಲ್ಲಿ ಎಷ್ಟು ಮನೆಯವರು ತಮ್ಮ ಸೊಸೆಯನ್ನು ಒಬ್ಬಳನ್ನೇ ಗುಡಿಗೆ ಕಳುಹಿಸುತ್ತಿದ್ದರೋ!

ಇದಕ್ಕೆ ಎದುರುವಾದವುಂಟು, ಅದು ಹಗುರವಾದದ್ದೂ ಅಲ್ಲ. ಕಾವ್ಯ ಕಾನೂನಲ್ಲ. ಮನೆ ಬಿಟ್ಟುಬಂದವರೆಲ್ಲ ಮಹಾದೇವಿಯಕ್ಕಂದಿರಲ್ಲ. ಶ್ರೀಶೈಲದ ದಾರಿ ಬೇರೆ, ಬಿ.ಜಿ. ಕೆರೆಯ ತವರುಮನೆಯ ದಾರಿ ಬೇರೆ. ಹಾಡಿನಲ್ಲಿ ಕೇಳಿದ್ದನ್ನೆಲ್ಲ ಬಾಳಿಗೆ ಅಳವಡಿಸಹೊರಟರೆ ಹಾಡೂ ಕೆಟ್ಟೀತು, ಬಾಳೂ ಕೆಟ್ಟೀತು. ರಸವನ್ನು ರಸವಾಗಿ ಸವಿಯಲು ಒಂದು ದೂರ ಬೇಕು. ಇಪ್ಪತ್ತು ವರ್ಷ ನಾನೇ ಹೇಳಿಕೊಂಡು ಬಂದದ್ದು ಇದು. ಅಲ್ಲಿ ಕುಳಿತು ಇದನ್ನೇ ನನ್ನ ಪರವಾಗಿ ವಾದಿಸಿಯೂ ನೋಡಿದೆ. ಒಂದು ಕಡೆ ಮಾತ್ರ ವಾದ ಕಾಲು ಜಾರಿತು. ಸಂಗೀತ ನನ್ನಿಂದ ಮರೆಸಿದ್ದು ಯಾವುದೋ ಸಾಲವನ್ನಲ್ಲ, ಯಾರದೋ ಜ್ವರವನ್ನಲ್ಲ; ಹಾಡು ಯಾವುದನ್ನು ಕುರಿತಿತ್ತೋ ಅದನ್ನೇ. ಅಭಿನವಗುಪ್ತನ ಮೇಲೆ ತಪ್ಪು ಹೊರಿಸಲಾರೆ. 'ನನ್ನದು' ಎಂಬುದು ಕಳಚಿದಾಗ ದುಃಖವು ಎಲ್ಲರದೂ ಆಗಿ ಹಿಗ್ಗುತ್ತದೆ ಎಂಬುದು ಅವನ ಆಶಯ. ನನ್ನಲ್ಲಿ 'ನನ್ನದು' ಕಳಚಿತು, 'ಅವಳದು' ಒಳಗೆ ಬರಲಿಲ್ಲ. ಎಂಟುನೂರು ವರ್ಷಗಳ ಹಿಂದಿನ ಹೆಣ್ಣಿಗಾಗಿ ಕಣ್ಣು ತುಂಬಿಕೊಂಡವನು ಎಂಟು ಮಾರು ದೂರದಲ್ಲಿ ಕುಳಿತ ಹೆಣ್ಣನ್ನು ನೋಡಲಿಲ್ಲ.

ಅವಳನ್ನು ಗಂಡನ ಮನೆಗೆ ಕಳುಹಿಸಬೇಕಿತ್ತೆ, ಇಟ್ಟುಕೊಳ್ಳಬೇಕಿತ್ತೆ ಎಂಬುದಲ್ಲ ಈಗಿನ ಪ್ರಶ್ನೆ. ಅದಕ್ಕೆ ವಚನಗಳಲ್ಲಿ ಉತ್ತರ ಹುಡುಕಬಾರದು ಎನ್ನುವವರ ಮಾತನ್ನು ಒಪ್ಪುತ್ತೇನೆ. ಆದರೆ ವಚನಗಳ ಸುತ್ತ ಬೆಳೆದ ಕಥೆಯಲ್ಲಿ ಇನ್ನೊಂದು ಪಾಠವಿದೆ. 'ಶೂನ್ಯಸಂಪಾದನೆ'ಯಲ್ಲಿ ಮಹಾದೇವಿಯಕ್ಕ ಕಲ್ಯಾಣದ ಅನುಭವಮಂಟಪಕ್ಕೆ ಬಂದು ನಿಂತಾಗ ಅಲ್ಲಮಪ್ರಭು ಅವಳಿಗೆ ಹಾಕುವ ಮೊದಲ ಪ್ರಶ್ನೆಗಳಲ್ಲೇ ನಿನ್ನ ಗಂಡ ಯಾರೆಂಬುದಿದೆ. ಎಷ್ಟು ಪರಿಚಿತವಾದ ಪ್ರಶ್ನೆ! ಒಂಟಿಯಾಗಿ ಬಂದ ಹೆಣ್ಣನ್ನು ಇಂದಿಗೂ ನಾವು ಕೇಳುವುದು ಇದನ್ನೇ. ಬಟ್ಟೆ ಬಿಟ್ಟವಳು ಕೂದಲಿನಿಂದ ಮೈ ಮರೆಸಿಕೊಂಡದ್ದೇಕೆ ಎಂದು ಇನ್ನೂ ಕಟುವಾಗಿ ಕೇಳುತ್ತಾನೆ. ಆದರೆ ಕಲ್ಯಾಣಕ್ಕೂ ನಮಗೂ ಇರುವ ಅಂತರ ಪ್ರಶ್ನೆಯಲ್ಲಿಲ್ಲ. ಅಲ್ಲಿ ಕೇಳಿದವರು ಉತ್ತರಕ್ಕಾಗಿ ಕಾದರು. ಅವಳು ಹೇಳುತ್ತ ಹೋದಳು, ಅವರು ಕೇಳುತ್ತ ಹೋದರು. ಕೇಳಿ ಮುಗಿಸಿದಾಗ ತಮಗಿಂತ ಕಿರಿಯಳಾದವಳನ್ನು ಅಕ್ಕ ಎಂದರು. ನಾನು ಹಿಂದಿನ ರಾತ್ರಿ ಒಂದು ಗಂಟೆ ಮಾತನಾಡಿದವನು "ಯಾಕೆ ಬಂದೆಯಮ್ಮ?" ಎಂದು ಒಮ್ಮೆ ಕೇಳಿದ್ದೆ, ನಿಜ. ಅವಳು ಬಾಯಿ ತೆರೆಯುವುದಕ್ಕೆ ಮೊದಲೇ ಉತ್ತರವನ್ನೂ ನಾನೇ ಹೇಳಿದ್ದೆ.

ಕನ್ನಡದಲ್ಲಿ 'ಕೇಳು' ಎಂಬ ಕ್ರಿಯಾಪದ ಬಹಳ ಜಾಣ. ಪ್ರಶ್ನೆ ಹಾಕುವುದಕ್ಕೂ ಅದೇ, ಕಿವಿಗೊಡುವುದಕ್ಕೂ ಅದೇ, ಹಿರಿಯರ ಮಾತಿನಂತೆ ನಡೆಯುವುದಕ್ಕೂ ಅದೇ. ಒಂದನ್ನು ಬಿಟ್ಟು ಇನ್ನೊಂದು ನಡೆಯದೆಂದು ಭಾಷೆಗೆ ಗೊತ್ತಿದ್ದಂತಿದೆ. ಕಿವಿಗೊಡದೆ ಪ್ರಶ್ನೆ ಹಾಕಿದರೆ ಅದು ವಿಚಾರಣೆ. ಏನನ್ನೂ ಪ್ರಶ್ನಿಸಿಕೊಳ್ಳದೆ ಕಿವಿಗೊಟ್ಟರೆ ಅದು ವಿನೋದ. ಇವೆರಡನ್ನೂ ಬಿಟ್ಟು ಮೂರನೆಯದನ್ನು, 'ನನ್ನ ಮಾತು ಕೇಳು' ಎಂಬುದನ್ನು, ನಾನು ಅವಳ ಮೇಲೆ ಹೇರಿದ್ದೆ. ಅದಕ್ಕೆ ಅಶೋಕನ ಸಾಕ್ಷಿ ಬೇರೆ. ಆ ಬಂಡೆಯ ಮಾತನ್ನು ಅಲ್ಲಿಯೇ ಕುಳಿತು ಇನ್ನೊಮ್ಮೆ ನೆನಪು ಮಾಡಿಕೊಂಡೆ. ಬಿ.ಎಲ್. ರೈಸರು 1892ರಲ್ಲಿ ಗುರುತಿಸಿದ ಆ ಬ್ರಹ್ಮಗಿರಿಯ ಶಾಸನ ತಾಯಿತಂದೆಯರ ವಿಷಯದಲ್ಲಿ ಬಳಸುವುದು ಶುಶ್ರೂಷೆಯ ಪ್ರಾಕೃತ ರೂಪವನ್ನು. ಸೇವೆ, ವಿಧೇಯತೆ ಎಂದು ನಾವು ಅರ್ಥಮಾಡುವ ಆ ಶಬ್ದದ ಬೇರು 'ಶ್ರು' ಧಾತು. ಮೂಲಾರ್ಥ, ಕೇಳುವ ಇಚ್ಛೆ. ಬಂಧುಗಳೊಡನೆ ತಕ್ಕಂತೆ ನಡೆದುಕೊಳ್ಳಬೇಕೆಂಬ ಮಾತೂ ಅಲ್ಲಿಯೇ ಇದೆ; ಸೋದರಸೊಸೆಯೊಡನೆ ತಕ್ಕಂತೆ ನಡೆಯುವುದು ಹೇಗೆಂಬುದನ್ನು ಬಂಡೆ ಹೇಳುವುದಿಲ್ಲ, ನಾವೇ ತಿಳಿದುಕೊಳ್ಳಬೇಕು. ಮತ್ತೊಂದು ಮಾತು ಅದರಲ್ಲಿದೆ: ಧರ್ಮದ ಈ ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದಲ್ಲ, ಪ್ರಯತ್ನಪಟ್ಟರೆ ಅಲ್ಪರಿಗೂ ದಕ್ಕೀತು. ಮಹಾದೇವಿಯಕ್ಕನ ದಾರಿ ದೊಡ್ಡವರದು; ಅದು ನನ್ನಿಂದಾಗದು, ಬಹುಶಃ ಆ ಹುಡುಗಿಗೂ ಅದು ಬೇಕಿರಲಿಲ್ಲ. ಕೇಳುವುದು ಮಾತ್ರ ಅಲ್ಪರಾದ ನಮ್ಮ ಕೈಲಾಗುವ ಕೆಲಸ.

ಅನುಭಾವದ ಪ್ರೇಮಗೀತೆಗಳಿಂದ ನಮಗೆ ಏನು ಪ್ರಯೋಜನವೆಂದು ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ. ದೇವರನ್ನು ಕಾಣುವ ದಾಹ ನಮ್ಮಲ್ಲಿ ಎಷ್ಟು ಜನಕ್ಕಿದೆ? ಆ ಬಗೆಯ ವಿರಹ ನಮಗೆ ಎರವಲು ತಂದ ಒಡವೆಯಂತೆ. ಒಂದು ಮಧ್ಯಾಹ್ನ ತೊಟ್ಟುಕೊಂಡು ಕಳಚಿಡುತ್ತೇವೆ. ಇಷ್ಟಾದರೂ ಮೂರು ಗಂಟೆ ಕಾಲ ಕೈಕಟ್ಟಿ ಕುಳಿತು ಇನ್ನೊಂದು ಜೀವದ ಸಂಕಟವನ್ನು ನಡುವೆ ಬಾಯಿಹಾಕದೆ ಕೇಳುವುದನ್ನು ಅವು ನಮಗೆ ಕಲಿಸುತ್ತವೆ. ಹಾಡುವವಳಿಗೆ ಯಾರೂ ಬುದ್ಧಿ ಹೇಳಹೋಗುವುದಿಲ್ಲ. ಆ ಅಭ್ಯಾಸವನ್ನು ಗುಡಿಯ ಹಜಾರದಲ್ಲೇ ಬಿಟ್ಟುಬರದೆ, ಚಪ್ಪಲಿಯ ಜೊತೆಗೆ ಹುಡುಕಿ ಮೆಟ್ಟಿಕೊಂಡು ಮನೆಗೆ ಬಂದರೆ, ಹಾಡಿದವರ ಸಾಲ ಸ್ವಲ್ಪವಾದರೂ ತೀರೀತು.

ದೀಪ ಹಚ್ಚುವ ಹೊತ್ತಿಗೆ ಹುಡುಗಿ ಕಾಫಿ ತಂದುಕೊಟ್ಟು, "ಬಸ್ಸಿಗೆ ಹೊತ್ತಾಯ್ತಲ್ಲ ಮಾವ" ಎಂದಳು. ನಾನು, "ಅದು ಹೋಗ್ಲಿ. ಕೂತ್ಕೊ. ನಿನ್ನೆ ನಾನು ಮಾತಾಡಿದೆ. ಇವತ್ತು ನೀನು ಹೇಳು" ಎಂದೆ. ಅವಳು ಬಹಳ ಹೊತ್ತು ಕಂಬಕ್ಕೆ ಒರಗಿಕೊಂಡು ಸುಮ್ಮನೆ ನಿಂತಿದ್ದಳು. ಆಮೇಲೆ ಕುಳಿತಳು.

ಅವಳು ಹೇಳಿದ್ದು ಅವಳದು; ಅದನ್ನು ಇಲ್ಲಿ ಬರೆಯಲಾರೆ. ನಡುವೆ ಎರಡು ಸಲ ನನಗೆ ಉಪದೇಶ ಬಾಯಿಯವರೆಗೂ ಬಂದಿತ್ತು, ನುಂಗಿಕೊಂಡೆ. ಅಕ್ಕ ಬಾಗಿಲಲ್ಲಿ ಬಂದು ನಿಂತವಳು ಹಾಗೆಯೇ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಕೊನೆಯ ಬಸ್ಸು ಹೆದ್ದಾರಿಯಲ್ಲಿ ಹಾರ್ನು ಹಾಕುತ್ತ ಚಳ್ಳಕೆರೆಯ ಕಡೆಗೆ ಹೋದದ್ದು ನಮ್ಮೆಲ್ಲರಿಗೂ ಕೇಳಿಸಿತು. ಯಾರೂ ಏಳಲಿಲ್ಲ.